ಎಷ್ಟು ಚಾಪೆ ಅಂಗಡಿಗೆ

ಮಾರ್ಚ್ ಹದಿನೈದಕ್ಕೆ ಇನ್ನು ಒಂಬತ್ತೇ ದಿನ.
ಯಾತ್ಸುಶಿರೋದ ಚಾಪೆಗಾರ ಕುವಾಬಾರಾ
ಬಿಸ್ಕತ್ತಿನ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲಿಟ್ಟು
"ಹೋದ ವರ್ಷ ಇದರೊಳಗಿದೆ" ಅಂದ.
ಮುಚ್ಚಳ ತೆಗೆದರೆ ಒಣಜೊಂಡಿನ ವಾಸನೆ,
ನೂಲಿನ ಬಿಲ್ಲು, ಪೆಟ್ರೋಲಿನ ಬಿಲ್ಲು,
ನಡುವೆ ಹಲ್ಲಿನ ಡಾಕ್ಟರ ಚೀಟಿ.

ಚೀಟಿ ಎತ್ತಿ ಬೇರೆ ಇಟ್ಟೆ.
ಇದು ಅಂಗಡಿಯದಲ್ಲ, ನಿಮ್ಮ ಮೈಯದು, ಇದರ ಕಲಮು ಬೇರೆ.
"ಹಲ್ಲು ಕಚ್ಚದೆ ಚಾಪೆ ಹೊಲಿಯೋಕಾಗುತ್ತಾ?"
ಮೂವತ್ತು ವರ್ಷದಲ್ಲಿ ಇಂಥ ಒಳ್ಳೆಯ ವಾದ
ಕೇಳಿದ್ದು ಕಡಿಮೆ.
ಆದರೂ ಬೇರೆ ಇಟ್ಟೆ.

ತೆರಿಗೆ ಉಳಿಸುವ ದಾರಿ ಹೇಳಿ, ಅಂದ.
ಚಾಪೆಯ ಕೆಳಗೆ ನುಸುಳುವ ವಿದ್ಯೆ ನನ್ನಲ್ಲಿಲ್ಲ;
ನುಸುಳಿದವರಿಗಿಂತ ತೆಳ್ಳಗಿನವರು
ತೆರಿಗೆ ಕಚೇರಿಯಲ್ಲಿದ್ದಾರೆ.
ನನ್ನದು ಚಾಪೆಯ ಮೇಲೆ ಕೂತು ಎಣಿಸುವ ಕೆಲಸ.

ಮನೆ ಎಷ್ಟು ಚಾಪೆ?
"ಇಪ್ಪತ್ತು. ಕೆಳಗೆ ಹನ್ನೆರಡು, ಮೇಲೆ ಎಂಟು."
ಅಂಗಡಿಗೆ?
"ಕೆಳಗಿನದೆಲ್ಲ."
ಊಟ ಎಲ್ಲಿ ಮಾಡುತ್ತೀರಿ?
ಸ್ವಲ್ಪ ಹೊತ್ತು ಸುಮ್ಮನಿದ್ದು
"ಹಾಗಾದರೆ ಮೂರು ಕಳೆಯಿರಿ" ಅಂದ.
ಇಪ್ಪತ್ತರಲ್ಲಿ ಒಂಬತ್ತು. ನೂರಕ್ಕೆ ನಲವತ್ತೈದು.
ಬಾಡಿಗೆಯಲ್ಲಿ ಅಷ್ಟು ಪಾಲು ಖರ್ಚಿಗೆ ಬರೆಯೋಣ.
ಕರೆಂಟಿಗೆ ಮಾತ್ರ ಯಾವ ದೀಪ ಎಷ್ಟು ಹೊತ್ತು ಉರಿಯಿತು, ನೋಡಬೇಕು.
ಉಂಡು ಮಲಗುವ ಬೆಳಕಿಗೆ
ವಿನಾಯಿತಿ ಇಲ್ಲ.

ಈ ವರ್ಷದಿಂದ ನೀಲಿ ಫಾರಂಗೆ ಬನ್ನಿ.
(ನೀಲಿ ಅಂತ ಹೆಸರು; ಕಾಗದ ಬಿಳಿಯೇ.)
ಜಮೆ ಒಂದು ಕಡೆ, ಖರ್ಚು ಒಂದು ಕಡೆ,
ದಿನದ ಲೆಕ್ಕ ದಿನಾ ಬರೆಯಿರಿ,
ಏಳು ವರ್ಷ ಎಸೆಯಬೇಡಿ.
ಮತ್ತೆ, ಹೆಂಡತಿಗೆ ಸಂಬಳ ಕೊಡಬಹುದು.

"ಮನೆಯವಳಿಗಾ?" ನಕ್ಕ.

ಬಾಗಿಲ ಹತ್ತಿರ ನಿಂತೇ ಇದ್ದಳು ಸುಮಿಯೆ.
ವ್ಯಾನಿನ ಕೀಲಿ ಅವಳ ಕೈಯಲ್ಲಿತ್ತು.

ಕೇಳುವುದು ಫಾರಂ, ನಾನಲ್ಲ:
ಹೆಸರು. ವಯಸ್ಸು. ಕೆಲಸದ ಸ್ವರೂಪ. ತಿಂಗಳ ಮೊತ್ತ.
ಹೆಸರು ಬರೆದ. ವಯಸ್ಸಿಗೆ ತಿರುಗಿ ನೋಡಿದ.
"ಐವತ್ತೆಂಟು" ಅಂದಳು.
ಕೆಲಸದ ಸ್ವರೂಪಕ್ಕೆ ಬಂದು ಪೆನ್ನು ನಿಂತಿತು.
ಆಮೇಲೆ ಬರೆದ: ಸಹಾಯ.

ಸಹಾಯಕ್ಕೆ ಸಂಬಳ ಅಂದರೆ ಕಚೇರಿ ಒಪ್ಪುವುದಿಲ್ಲ, ಅಂದೆ.
ಅದು ಪೂರ್ತಿ ನಿಜವಲ್ಲ.
ಈ ಕುರ್ಚಿಯಲ್ಲಿ ಕೂತು ಹೇಳಿದ ಒಂದೇ ಸುಳ್ಳು ಅದು
ಅಂದರೆ ಅದೂ ನಿಜವಲ್ಲ.

ಸುಮಿಯೆ ನಿಂತಲ್ಲಿಂದಲೇ ಹೇಳತೊಡಗಿದಳು.
"ಅಂಚಿನ ಪಟ್ಟಿ ಹೊಲಿಯೋದು.
ಹಳೇ ಚಾಪೆ ಎತ್ತೋದು, ಒಂದೊಂದೂ ಮೂವತ್ತು ಕಿಲೋ.
ವ್ಯಾನ್ ಓಡಿಸೋದು.
ಬಾಕಿ ಕೇಳೋದು. ಅವರಿಗೆ ನಾಚಿಕೆ.
ಲೆಕ್ಕ ಬರೆಯೋದು."
ಯಾವ ಲೆಕ್ಕ? ಡಬ್ಬಿಯಲ್ಲಿ ಲೆಕ್ಕವಿಲ್ಲವಲ್ಲ.
"ಕ್ಯಾಲೆಂಡರಿನ ಬೆನ್ನ ಮೇಲೆ. ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ.
ಇಪ್ಪತ್ತೇಳು ಕ್ಯಾಲೆಂಡರ್ ಇವೆ."

ಕುವಾಬಾರಾ ಕಿಟಕಿಯ ಕಡೆ ನೋಡುತ್ತಿದ್ದ.
'ಸಹಾಯ' ಅನ್ನು ಹೊಡೆದುಹಾಕಿದ.
ಬರೆಯಲು ಚೌಕದಲ್ಲಿ ಜಾಗ ಸಾಲಲಿಲ್ಲ.
ಹಿಂದೆ ತಿರುಗಿಸಿ, ಅಂದೆ.

ಎರಡು ಎಚ್ಚರಿಕೆ ಹೇಳುವುದು ನನ್ನ ಧರ್ಮ:
ಸಂಬಳ ಬರೆದ ಮೇಲೆ ಪತ್ನಿಯ ವಿನಾಯಿತಿ ಸಿಗುವುದಿಲ್ಲ,
ಆ ಸಾಲಿನಿಂದ ಇವರ ಹೆಸರು ತೆಗೆಯಬೇಕು.
ಇನ್ನೊಂದು, ಬರೆದರೆ ಸಾಲದು.
ನಿಜವಾಗಿ ಕೊಡಬೇಕು, ತಿಂಗಳು ತಿಂಗಳು,
ಕೈಗೆ.

ಏಪ್ರಿಲ್ ಕೊನೆಗೆ ಸಿಗ್ನಲ್ಲಿನಲ್ಲಿ ಅವಳ ವ್ಯಾನ್
ನನ್ನ ಸೈಕಲ್ಲಿನ ಪಕ್ಕ ನಿಂತಿತು.
ಬಂತಾ? ಕೇಳಿದೆ.
"ಬಂತು. ಅವರ ಎದುರೇ ಎರಡು ಸಲ ಎಣಿಸಿದೆ."
ಏನು ಕೊಂಡಿರಿ?
"ಇನ್ನೂ ಇಲ್ಲ. ಇಟ್ಟಿದ್ದೀನಿ."
ಎಲ್ಲಿ ಅಂತ ನಾನು ಕೇಳಲಿಲ್ಲ.
"ಚಾಪೆ ಕೆಳಗೆ" ಅಂದಳು.

ದೀಪ ಹಸಿರಾಯಿತು.
ಗೇರು ಹಾಕುತ್ತ ಕಿಟಕಿಯಿಂದ ಕೂಗಿದಳು:
"ಅಂಗಡಿಯ ಒಂಬತ್ತರಲ್ಲಿ ಅಲ್ಲ.
ಮಿಕ್ಕ ಹನ್ನೊಂದರಲ್ಲಿ ಒಂದು!"